ಲಬಕ್ ಊರಿನ ಐದು ಹುಡುಗೂರು ಮತ್ತ ನನ್ನ ಸಾರಿನ ಪುಡಿ ಡಬ್ಬಿ

ಅಮೇರಿಕಾದಿಂದ ಬಂದು ಎರಡು ತಿಂಗಳಾತು, ಇನ್ನೂ ಒಂದಕ್ಷರ ಬರದಿಲ್ಲ ಅಂತ ಎಲ್ಲಾರೂ ಬೈಲಿಕತ್ತೀರಿ. ಬಾಣಂತನ ಹೆಂಗಾತು, ಮೊಮ್ಮಗಳು ಯಾರ ಹಂಗ ಇದ್ದಾಳ, ಅಲ್ಲೆ ಕರಿಬೇವು ಸಿಗ್ತದೇನು ಅಂತ ಕೇಳಿದ್ರಿ. ಅದನ್ನೆಲ್ಲಾ ಇನ್ನೊಮ್ಮೆ ಬರೀತೀನಿ. ಇವತ್ತ ನಾ ಬರಿಯೋದು ಅಲ್ಲಿಯ ಕಾಲೇಜು ಹುಡುಗೂರ ಫುಟ್‌ಬಾಲ್ ಬಗ್ಗೆ. ಈಗ ನಗಬ್ಯಾಡ್ರಿ, ಪೂರ್ತಿ ಓದಿ ಆಮ್ಯಾಲ ನಗ್ರಿ.

ನಮ್ಮ ಮಗಾ ಇರೋದು ಟೆಕ್ಸಾಸ್ ರಾಜ್ಯದ ಲಬಕ್ ಅನ್ನೋ ಊರಾಗ. ಸಪಾಟ ನೆಲ, ಎತ್ತ ನೋಡಿದ್ರೂ ಹತ್ತಿ ಹೊಲ, ಗಾಳಿ ಬಿಟ್ರ ಮನಿತುಂಬ ಧೂಳು. ಮೊದಲನೇ ದಿನ ನನಗ ಅಣ್ಣಿಗೇರಿ, ನವಲಗುಂದದ ಕಡೆ ಬಂದಂಗ ಅನಿಸ್ತು, ಮಣ್ಣಷ್ಟ ಕೆಂಪು. ಆ ಊರಾಗ ಟೆಕ್ಸಾಸ್ ಟೆಕ್ ಅಂತ ದೊಡ್ಡದೊಂದು ವಿಶ್ವವಿದ್ಯಾಲಯ ಅದ. ಮಗಾ ಅಲ್ಲೇ ಓದಿ ಅಲ್ಲೇ ನೌಕರಿ ಹಿಡದಾನ. ಸೊಸಿ ಹಾಸನದ ಕಡೆಯಾಕಿ, ಅಂಕಿ-ಸಂಖ್ಯೆ ಲೆಕ್ಕ ಹಾಕೋದ ಅಕಿ ಕೆಲಸ. ಅಕಿ ತಾಯಿಗೆ ವೀಸಾ ಸಿಗಲಿಲ್ಲ, ಅದಕ್ಕ ಬಾಣಂತನಕ್ಕ ನಾ ಹೋದೆ. ಸೆಪ್ಟೆಂಬರ್‌ದಿಂದ ಫೆಬ್ರುವರಿ ತನಕಾ ಇದ್ದೆ.

ಅದು ಬರೋಬ್ಬರಿ ಅವರ ಫುಟ್‌ಬಾಲ್ ಹಂಗಾಮು. ಶನಿವಾರ ಬಂತಂದ್ರ ಊರಿಗೆ ಊರ ಕೆಂಪು-ಕರಿ ಅಂಗಿ ಹಾಕ್ಕೊಂಡು ಮೈದಾನಕ್ಕ ಹೊಂಡ್ತದ. 60 ಸಾವಿರ ಮಂದಿ ಹಿಡಿಯೋ ಮೈದಾನ. ಆಟಕ್ಕ ಮೊದಲ ಕರಿ ಕುದರಿ ಮ್ಯಾಲ ಮುಖಕ್ಕ ಮುಸುಕು ಹಾಕ್ಕೊಂಡು ಒಬ್ಬ ಸವಾರ ಓಡ್ತಾನ. ಮತ್ತ ಇನ್ನೊಂದು ಕೇಳ್ರಿ, ಆಟ ಸುರು ಆಗೋ ಹೊತ್ತಿಗೆ ಮಂದಿ ಟಾರ್ಟಿಲಾ ಅಂತ ನಮ್ಮ ಚಪಾತಿಯಂಥಾದ್ದನ್ನ ಮೈದಾನಕ್ಕ ಒಗೀತಿದ್ರು! ನಾ ಟಿವಿ ಮುಂದ ಕೂತು "ಅಯ್ಯ ಶಿವನ, ತಿನ್ನೋದನ್ನ ಹಿಂಗ ಒಗದ್ರ ಮನಿ ಉದ್ಧಾರ ಆಗ್ತದೇನು" ಅಂತ ಒದರಿದೆ. ಮಗಾ ನಕ್ಕ, "ಅವ್ವಾ, ಈ ಊರಾಗ ಒಗಿಯೋದ ಉದ್ಧಾರ" ಅಂದ. ಆವಾಗ ತಿಳೀಲಿಲ್ಲ, ಆಮ್ಯಾಲ ತಿಳೀತು.

ಆಟ ಹೆಂಗಂದ್ರ, ಹೆಸರು ಫುಟ್‌ಬಾಲ್ ಇದ್ರೂ ಕಾಲಿಗೆ ಕೆಲಸ ಕಡಿಮಿ. ಎರಡೂ ತುದಿ ಚೂಪಿದ್ದ ಉದ್ದನ್ನ ಚಂಡು. ಒಂದೊಂದು ಕಡೆ 11 ಮಂದಿ. ಮೈದಾನ 100 ಗಜ. ನಾಕು ಸರತೆ ಅವಕಾಶ ಕೊಡ್ತಾರ, ಅಷ್ಟರೊಳಗ 10 ಗಜ ಮುಂದ ಹೋಗಬೇಕು. ಹೋದ್ರ ಮತ್ತ ನಾಕು ಅವಕಾಶ, ಇಲ್ಲಂದ್ರ ಚಂಡು ಎದುರಿನವರಿಗೆ. ಕಡೀ ಗೆರಿ ದಾಟಿದ್ರ ಟಚ್‌ಡೌನ್, ಆರು ಪಾಯಿಂಟು. ಚಂಡು ಬಗಲಾಗ ಹಿಡಕೊಂಡು ಓಡಬಹುದು, ಇಲ್ಲಾ ಮುಂದ ಓಡ್ಲಿಕತ್ತಾವಂಗ ಒಗೀಬಹುದು. ಆ ಒಗಿಯಾಂವಗ ಕ್ವಾರ್ಟರ್‌ಬ್ಯಾಕ್ ಅಂತಾರ.

ಕ್ವಾರ್ಟರ್‌ಬ್ಯಾಕ್ ಅಂದ್ರ ನನಗ ಲಗ್ನದ ಪಂಕ್ತಿಯೊಳಗ ಬಡಸಾಂವ ನೆನಪಾದ. ಯಾರ ಎಲಿಯಾಗ ಏನ ಮುಗದದ, ಯಾರು ಇನ್ನೇನು ಕೈ ಅಡ್ಡ ಹಿಡೀತಾರ, ಎಲ್ಲಾ ಒಂದ ನೋಟದಾಗ ತಿಳಕೋಬೇಕು. ಆದ್ರ ನಮ್ಮ ಬಡಸಾಂವನ ಮೈಮ್ಯಾಲ ಯಾರೂ ಬೀಳೂದಿಲ್ಲ. ಇಲ್ಲೆ ಎರಡು ಮೂರು ಸೆಕೆಂಡಿನಾಗ ಕ್ವಿಂಟಲ್ ತೂಕದ ಗಂಡಸರು ಬಂದು ಕೆಡವ್ತಾರ. ಅಷ್ಟರೊಳಗ ಗೆಳ್ಯಾ ಈಗ ಎಲ್ಲಿದ್ದಾನ ಅಂತಲ್ಲ, ಚಂಡು ಹೋಗಿ ಮುಟ್ಟೋ ಹೊತ್ತಿಗೆ ಎಲ್ಲಿರ್ತಾನ ಅಂತ ನೋಡಿ ಒಗೀಬೇಕು. ತಪ್ಪಿ ಎದುರಿನವರ ಕೈಗೆ ಸಿಕ್ರ ಚಂಡು ಅವರದ. ಅದಕ್ಕ ಇಂಟರ್‌ಸೆಪ್ಷನ್ ಅಂತಾರ.

ಮೊದಲ ಈ ಆಟದಾಗ ಓಡೋದ ಹೆಚ್ಚು, ಒಗಿಯೋದು ಕಡಿಮಿ ಇತ್ತಂತ. 2000ದಾಗ ಮೈಕ್ ಲೀಚ್ ಅನ್ನಾಂವ ಟೆಕ್ಸಾಸ್ ಟೆಕ್‌ಗೆ ಮುಖ್ಯ ಕೋಚ್ ಆಗಿ ಬಂದ. ಅಂವಾ ಕಾಲೇಜಿನಾಗ ಫುಟ್‌ಬಾಲ್ ಆಡಿದಾಂವಲ್ಲ, ಓದಿದ್ದು ವಕೀಲಕಿ. ತಾನು ಮತ್ತ ಹ್ಯಾಲ್ ಮಮ್ಮಿ ಅನ್ನೋ ಇನ್ನೊಬ್ಬ ಕೋಚ್ ಕೂಡಿ ಸಣ್ಣ ಸಣ್ಣ ಕಾಲೇಜಿನಾಗ ಬೆಳಸಿದ್ದ ಪದ್ಧತಿ ಒಂದನ್ನ ಅಂವಾ ಇಲ್ಲಿಗೆ ತಂದ. ಅದರ ಹೆಸರು ಏರ್ ರೇಡ್. ಕ್ವಾರ್ಟರ್‌ಬ್ಯಾಕ್ ಮುಂದ ಗ್ವಾಡಿ ಹಂಗ ನಿಲ್ಲೋ ಐದು ಮಂದಿ ಒತ್ತೊತ್ತಿ ನಿಲ್ಲೂದು ಬಿಟ್ಟು ಅಗಲಕ್ಕ ನಿಲ್ತಾರ. ಚಂಡು ಹಿಡಿಯೋ ನಾಕು ಮಂದಿ ಮೈದಾನದ ಈ ಅಂಚಿನಿಂದ ಆ ಅಂಚಿನ ತನಕಾ ಹಂಚಿಕೊಂಡು ನಿಲ್ತಾರ. ಒಂದು ಆಟದಾಗ 50 ಸರತೆ ಒಗಿಯೋದು ಮಾಮೂಲಿ. ಆಟದ ನಮೂನಿ ಸ್ವಲ್ಪ ಇರ್ತಾವ, ಅವನ್ನ ದಿನಾ ಮಾಡಿದ್ದ ಮಾಡಿ ಕೈಗೆ ಕೂಡಸ್ತಾರ. ಎದುರಿನವರು ನಿಂತ ರೀತಿ ನೋಡಿ, ಕೋಚ್ ಹೇಳಿದ್ದನ್ನ ಕಡೀ ಗಳಿಗಿಯೊಳಗ ಬದಲ ಮಾಡೋ ಅಧಿಕಾರ ಕ್ವಾರ್ಟರ್‌ಬ್ಯಾಕ್‌ಗೆ ಇರ್ತದ. ಅಡಗಿ ಪಟ್ಟಿ ಸಣ್ಣದು, ಖರೇ ಪಂಕ್ತಿ ನೋಡಿ ಏನ ಬಡಸಬೇಕು ಅನ್ನೋದು ಬಡಸಾಂವಗ ಬಿಟ್ಟದ್ದು ಅಂದ್ಕೋರಿ.

ಲೀಚ್ 10 ವರ್ಷ ಅಲ್ಲಿದ್ದ. ಅದರಾಗ ಒಬ್ಬರ ಹಿಂದ ಒಬ್ಬರು ಐದು ಹುಡುಗೂರು ಈ ಜಾಗಾಕ್ಕ ಬಂದ್ರು. ಕ್ಲಿಫ್ ಕಿಂಗ್ಸ್‌ಬರಿ, 2002ರಾಗ 5,017 ಗಜ ಒಗದ. ಅವನ ಬೆನ್ನಿಗೆ ಬಿ.ಜೆ. ಸೈಮನ್ಸ್, 2003ರಾಗ 5,833 ಗಜ. ಆಮ್ಯಾಲ ಸನಿ ಕಂಬಿ, 2004ರಾಗ 4,742. ಆಮ್ಯಾಲ ಕೋಡಿ ಹಾಜಸ್, 2005ರಾಗ 4,238. ಕಡೀಕ ಗ್ರಹಾಂ ಹ್ಯಾರೆಲ್, 2006ರಿಂದ ಮೂರು ವರ್ಷ, ಅದರಾಗ 2007ರಾಗ 5,705 ಮತ್ತ 2008ರಾಗ 5,111. ಹುಡುಗೂರು ಬದಲಾದ್ರು, ಗಜ ಮಾತ್ರ ಬರ್ತನ ಇದ್ವು. ಅದಕ್ಕ ಮಂದಿ ಒಂದು ಮಾತು ಹಚ್ಚಿದ್ರು, "ಇವರೆಲ್ಲಾ ಸಿಸ್ಟಂ ಕ್ವಾರ್ಟರ್‌ಬ್ಯಾಕ್" ಅಂತ. ಅಂದ್ರ ಹುಡುಗನದೇನೂ ಇಲ್ಲ, ಎಲ್ಲಾ ಪದ್ಧತಿದ, ಯಾರನ್ನ ತಂದು ನಿಲ್ಲಿಸಿದ್ರೂ ಇಷ್ಟ ಬರ್ತದ ಅಂತ ಅರ್ಥ.

ಈಗ ನಮ್ಮ ಮನಿ ಸುದ್ದಿಗೆ ಬರ್ತೀನಿ.

ಡಿಸೆಂಬರ್‌ನಾಗ ಬಾಜೂ ಮನಿ ಅಜ್ಜಾ-ಅಜ್ಜಿನ್ನ ಊಟಕ್ಕ ಕರದಿದ್ವಿ. ಭಾಳ ಛಲೋ ಮಂದಿ. ಕೂಸು ಹುಟ್ಟಿದಾಗಿಂದ ವಾರಕ್ಕೊಮ್ಮೆ ಏನರ ಮಾಡಿ ತಂದು ಕೊಡೋರು. ಅವತ್ತ ಸೊಸಿನ ಅಡಗಿ ಮಾಡ್ತೀನಿ ಅಂದ್ಲು. ಮೂರನೇ ತಿಂಗಳು, ಬ್ಯಾಡ ಅಂದ್ರೂ ಕೇಳಲಿಲ್ಲ. ಸಾರು, ಅನ್ನ, ಬದನಿಕಾಯಿ ಪಲ್ಯಾ, ಹಪ್ಪಳ. ಆ ಅಜ್ಜಿ ಸಾರನ್ನ ಬಟ್ಟಲಾಗ ಹಾಕಿಸಿಕೊಂಡು ಮೂರು ಸರತೆ ಕುಡದ್ಲು. "ಇದನ್ನ ಹೆಂಗ ಮಾಡಿದಿ" ಅಂತ ಸೊಸಿನ್ನ ಕೇಳಿದ್ಲು. ಸೊಸಿ ಬಾಯಿ ತಗಿಯೋದ್ರಾಗ ನಾನ ಅಂದೆ, "ಪುಡಿ ನಂದು, ಧಾರವಾಡದಿಂದ ತಂದದ್ದು. ಅದನ್ನ ಹಾಕಿದ್ರ ಯಾರ ಮಾಡಿದ್ರೂ ಹಿಂಗ ಆಗ್ತದ." ಮಗಾ ಇಂಗ್ಲಿಷಿನಾಗ ಹೇಳಿದ, ಅವರು ನಕ್ರು. ಸೊಸಿ ಸೌಟು ತಗೊಂಡು ಒಳಗ ಹೋದ್ಲು. ನನಗ ಏನೂ ಹೊಳೀಲಿಲ್ಲ.

ಊಟ ಆದ ಮ್ಯಾಲ ಅಜ್ಜಾ ಟಿವಿಯೊಳಗ ಹಳೇ ಆಟ ಹಚ್ಚಸಿದ. 2008ರ ನವೆಂಬರ್ 1ರ ಆಟ. ಟೆಕ್ಸಾಸ್ ಟೆಕ್ ಎದುರಿಗೆ ಆ ಹೊತ್ತಿನಾಗ ದೇಶಕ್ಕ ಒಂದನೇ ನಂಬರಿನಾಗಿದ್ದ ಟೆಕ್ಸಾಸ್ ವಿಶ್ವವಿದ್ಯಾಲಯದ ತಂಡ. ಆಟ ಮುಗೀಲಿಕ್ಕೆ ಒಂದೂವರಿ ನಿಮಿಷ ಇದ್ದಾಗ ಟೆಕ್ಸಾಸ್ 33–32 ಮುಂದ ಬಂತು. ಹ್ಯಾರೆಲ್ ಸಣ್ಣ ಸಣ್ಣ ಒಗತ ಒಗದು ತಂಡನ್ನ ಮುಂದ ತಂದ. ಒಂದು ಚಂಡು ತಾಗಿ ಮ್ಯಾಲ ಹಾರಿ ಎದುರಿನವನ ಕೈಯಾಗ ಬಿತ್ತು, ಅವನ ಕೈಯಿಂದ ಜಾರಿತು. ಅಲ್ಲೇ ಆಟ ಮುಗೀಬೇಕಾಗಿತ್ತು. ಅದರ ಬೆನ್ನಿಗೆ ಇನ್ನೊಂದು ಒಗತ, ಅಂಚಿನ ಕಡೆ ಓಡ್ಲಿಕತ್ತಿದ್ದ ಮೈಕಲ್ ಕ್ರಾಬ್‌ಟ್ರೀ ಕೈಗೆ. ಅಂವಾ ಹಿಡದು, ಹಿಡದವರನ್ನ ಕೊಡವಿಕೊಂಡು ಗೆರಿ ದಾಟಿದ. ಗಡಿಯಾರದಾಗ ಇನ್ನ ಒಂದ ಸೆಕೆಂಡು. 39–33. ನಾ ಕೂಸಿನ್ನ ಎತ್ತಿಕೊಂಡಿದ್ದೆ, ಇಲ್ಲಂದ್ರ ಎದ್ದು ಕುಣೀತಿದ್ದೆ.

ಆವಾಗ ಅಜ್ಜಾ ಅಂದ, "ಹ್ಯಾರೆಲ್ ಛಲೋ ಹುಡುಗನ. ಆದ್ರ ಲೀಚ್‌ನ ಪದ್ಧತಿಯೊಳಗ ಯಾರನ್ನ ನಿಲ್ಲಿಸಿದ್ರೂ ಐದು ಸಾವಿರ ಗಜ ಬರ್ತಿತ್ತು."

ನನಗ ಸಿಟ್ಟ ಬಂತ್ರೀ. ನೋಡಿದ್ದು ಮೂರು ತಿಂಗಳ ಆಟ, ಆದ್ರೂ ಬಂತು. "ಹಂಗ ಹೆಂಗ ಅಂತೀರಿ? ಕಡೀ ನಿಮಿಷದಾಗ ಎದಿ ಗಟ್ಟಿ ಹಿಡಕೊಂಡು ಒಗದಾಂವ ಅಂವಾ. ಪದ್ಧತಿ ಬಂದು ಒಗೀತೇನು?" ಅಂದೆ. ಮಗಾ ಇಂಗ್ಲಿಷ್ ಮಾಡ್ಲಿಕ್ಕೆ ಸುರು ಮಾಡಿದ್ದ. ಅಡಗಿ ಮನಿ ಬಾಗಲದಾಗ ನಿಂತಿದ್ದ ಸೊಸಿ ಮೆಲ್ಲಕ ಅಂದ್ಲು, "ಅತ್ತೆ, ಹಾಗಾದ್ರೆ ಪುಡಿ ಬಂದು ಸಾರು ಮಾಡುತ್ತಾ?"

ಮಗಾ ಇಂಗ್ಲಿಷ್ ನಿಲ್ಲಿಸಿಬಿಟ್ಟ. ನಾನೂ ಸುಮ್ಮನಾದೆ.

ಆ ರಾತ್ರಿ ನಿದ್ದಿ ಹತ್ತಲಿಲ್ಲ. ನಾ ಈ ಮನಿಗೆ ಬಂದಾಗ ನಮ್ಮ ಅತ್ತಿಯವರ ಸಾರಿನ ಪುಡಿ ಇಡೀ ಬಳಗಕ್ಕ ಹೆಸರಾಗಿತ್ತು, ನಿಮಗೆಲ್ಲಾ ಗೊತ್ತದ. ಅದ ಡಬ್ಬಿಯಿಂದ ನಮ್ಮ ನೆಗೆಣ್ಣಿ ಒಂದು ದಿನ ಸಾರು ಮಾಡ್ತಿದ್ಲು, ನಾ ಒಂದು ದಿನ. ಅಕಿ ಪುಡಿ ಮೊದಲ ಹಾಕಿ ಕುದಿಸ್ತಿದ್ಲು. ನಾ ಬ್ಯಾಳಿ ಕಟ್ಟು ಕುದ್ದ ಮ್ಯಾಲ ಕಡೀಕ ಪುಡಿ ಹಾಕಿ, ಒಂದ ಕುದಿ ಬಂದ ಕೂಡ್ಲೆ ಇಳಸ್ತಿದ್ದೆ. ಎರಡಕ್ಕೂ ಅಜಗಜಾಂತರ ಇತ್ತು. ಆದ್ರ ಬಂದವರು ಉಂಡವರು ಎಲ್ಲಾರೂ ಅಂತಿದ್ದದ್ದು ಒಂದ ಮಾತು, "ಅತ್ತಿ ಕಲಿಸಿದ್ದು, ಅತ್ತಿ ಪುಡಿ, ಇನ್ನೇನು!" ಇಪ್ಪತ್ತು ವರ್ಷದ ಮ್ಯಾಲ ಕೇಳಿದೆ. ಅತ್ತಿಯವರು ಹೋದ ಮ್ಯಾಲ ಪುಡಿ ನಾನ ಮಾಡ್ತೀನಿ, ಆದ್ರೂ ಇನ್ನೂ "ಅತ್ತಿಯವರ ಪುಡಿ" ಅಂತನ ಅಂತಾರ. ಅದು ನನಗ ಎಷ್ಟ ಚುಚ್ಚಿತ್ತು ಅಂತ ನನಗ ಗೊತ್ತದ. ಗೊತ್ತಿದ್ದೂ ಅದನ್ನ ಸೊಸಿಗೆ ಅಂದೆ, ಅದೂ ಹೊರಗಿನ ಮಂದಿ ಮುಂದ.

ಮರುದಿನ ಮುಂಜಾನೆ ಚಹಾ ಮಾಡಿ ಅಕಿ ಕೈಯಾಗ ಕೊಟ್ಟು ಅಂದೆ, "ನಿನ್ನೆ ನಂದು ತಪ್ಪಾತವಾ. ಸಾರು ನೀ ಮಾಡಿದ್ದಿ." ಅಕಿ "ಬಿಡಿ ಅತ್ತೆ" ಅಂದ್ಲು. ಸ್ವಲ್ಪ ಹೊತ್ತು ಬಿಟ್ಟು ತಾನ ಅಂದ್ಲು, "ಆ ಅಜ್ಜನ ಮಾತು ಸರಿನೋ ತಪ್ಪೋ ಲೆಕ್ಕ ಹಾಕಿ ನೋಡೋಣ್ವಾ?" ಕೂಸು ಮಲಗಿದಾಗೆಲ್ಲಾ ಅತ್ತಿ-ಸೊಸಿ ಇಬ್ಬರೂ ಕೂತು ಈ ಹುಡುಗೂರ ಲೆಕ್ಕ ತಗದ್ವಿ. ನಾ ಪಿಯುಸಿ ತನಕಾ ಓದಿದಾಕಿ, ಭಾಗಾಕಾರ ಇನ್ನೂ ಮರತಿಲ್ಲ.

ಅಕಿ ಹೇಳಿದ ಮೊದಲನೇ ಮಾತು, "ಅತ್ತೆ, ಒಟ್ಟು ಎಷ್ಟು ಅಂತ ನೋಡ್ಬೇಡಿ. ಎಷ್ಟು ಸಲ ಎಸೆದಿದ್ದಕ್ಕೆ ಎಷ್ಟು ಅಂತ ನೋಡಿ." ಬರೋಬ್ಬರಿ ಮಾತು. ನೂರು ಮಂದಿಗೆ ಅಡಗಿ ಮಾಡಿದಾಕಿಗೂ ಹತ್ತು ಮಂದಿಗೆ ಮಾಡಿದಾಕಿಗೂ ಬ್ಯಾಳಿ ಎಷ್ಟ ಖರ್ಚಾತು ಅಂತ ಹೋಲಸ್ಲಿಕ್ಕೆ ಆಗ್ತದೇನು? ಕಿಂಗ್ಸ್‌ಬರಿ 2002ರಾಗ 712 ಸರತೆ ಒಗದಾನ. ಭಾಗಿಸಿದ್ರ ಒಂದು ಒಗತಕ್ಕ 7 ಗಜ. ಸೈಮನ್ಸ್ 719 ಸರತೆ, ಒಂದಕ್ಕ 8.1 ಗಜ. ಹ್ಯಾರೆಲ್ 2008ರಾಗ 626 ಸರತೆ, ಒಂದಕ್ಕ 8.2 ಗಜ. ಒಟ್ಟು ನೋಡಿದ್ರ ಸೈಮನ್ಸ್ ಹ್ಯಾರೆಲ್‌ಗಿಂತ 700 ಗಜ ಮುಂದ. ಭಾಗಿಸಿ ನೋಡಿದ್ರ ಹ್ಯಾರೆಲ್ ಕೂದಲೆಳಿಯಷ್ಟ ಮುಂದ.

ಇನ್ನ ಎದುರಿನವರ ಕೈಗೆ ಕೊಟ್ಟದ್ದು. ಸೈಮನ್ಸ್ 52 ಟಚ್‌ಡೌನ್ ಒಗದ, ಆದ್ರ 22 ಸರತೆ ಚಂಡು ಎದುರಿನವರಿಗೆ ಕೊಟ್ಟ. ಕಿಂಗ್ಸ್‌ಬರಿ 45 ಟಚ್‌ಡೌನ್, 13 ಸರತೆ ಕೊಟ್ಟ. ಹ್ಯಾರೆಲ್ 2008ರಾಗ ಅದ 45 ಟಚ್‌ಡೌನ್, ಕೊಟ್ಟದ್ದು 9 ಸರತೆ ಅಷ್ಟ. ಒಂದ ಪದ್ಧತಿ, ಒಂದ ಕೋಚ್, ಒಂದ ಮೈದಾನ. ಒಬ್ಬಂವ 22, ಒಬ್ಬಂವ 9. ಯಾರನ್ನ ನಿಲ್ಲಿಸಿದ್ರೂ ಅಷ್ಟ ಬರ್ತದ ಅಂದ್ರ ಈ ಫರಕು ಎಲ್ಲಿಂದ ಬಂತು? ಅಂದ್ರ ಪದ್ಧತಿ ಗಜ ಕೊಟ್ಟಿರಬಹುದು, ಆದ್ರ ಯಾವಾಗ ಒಗೀಬಾರದು ಅನ್ನೋದು ಹುಡುಗನ ತಲಿಯೊಳಗಿಂದ ಬರ್ತದ. ಪುಡಿ ಒಂದ ಇದ್ರೂ ಯಾವಾಗ ಇಳಸಬೇಕು ಅನ್ನೋದು ಮಾಡಾಕಿ ಕೈಯಾಗ ಇರೂಹಂಗ.

ಆದ್ರ ಇಷ್ಟಕ್ಕ ನಿಲ್ಲಿಸಿದ್ರ ಅದೂ ಅನ್ಯಾಯ ಆಗ್ತದ. ಯಾರಿಗೆ ಏನ ಸಿಕ್ಕಿತ್ತು ಅಂತನೂ ನೋಡಬೇಕು.

ಕಿಂಗ್ಸ್‌ಬರಿ ನಿಂತಾಗ ಆ ಅಡಗಿ ಮನಿಗೆ ಒಲಿ ಸುದ್ಧಾ ಹೂಡಿರಲಿಲ್ಲ ಅನ್ರಿ. ಲೀಚ್ ಬಂದ ಮೊದಲನೇ ವರ್ಷ ಅದು, ಯಾರಿಗೂ ಪದ್ಧತಿ ಗೊತ್ತಿಲ್ಲ. ಆ ವರ್ಷ ಅಂವಾ ಒಗದದ್ದು 3,418 ಗಜ, ತಂಡ 7 ಗೆದ್ದು 6 ಸೋತಿತು. ಮೂರನೇ ವರ್ಷಕ್ಕ 5,017ಕ್ಕ ಬಂದ. ಹಿಂದ ಬಂದವರಿಗೆಲ್ಲಾ ಅವನ ತಪ್ಪು ನೋಡಿ ಕಲಿಯೋ ಭಾಗ್ಯ ಇತ್ತು, ಅವಂಗ ಇರಲಿಲ್ಲ. ಸೈಮನ್ಸ್ ಕಿಂಗ್ಸ್‌ಬರಿ ಹಿಂದ ವರ್ಷಗಟ್ಟಲೆ ಬೆಂಚಿನ ಮ್ಯಾಲ ಕೂತು ಕಾಯ್ದ, ಸಿಕ್ಕದ್ದು ಕಡೀ ಒಂದ ವರ್ಷ. ಆ ವರ್ಷ ಮೊಣಕಾಲಿನ ಒಳಗಿನ ಲಿಗಮೆಂಟ್ ಹರದಿತ್ತು, ಹಂಗ ಕಾಲ ಕಟ್ಟಿಕೊಂಡು ಆಡಿದ. ಅಂಥಾ ಕಾಲ ಮ್ಯಾಲ ನಿಂತು ಒಗದ 5,833 ಗಜದ ದಾಖಲೆ 18 ವರ್ಷ ಯಾರಿಗೂ ಮುರೀಲಿಕ್ಕೆ ಆಗಲಿಲ್ಲ. 2021ರಾಗ ವೆಸ್ಟರ್ನ್ ಕೆಂಟಕಿಯ ಬೈಲಿ ಝ್ಯಾಪಿ 5,967 ಗಜ ಒಗದು ಮುರದ, ಅದಕ್ಕೂ ಅವಂಗ 14 ಆಟ ಬೇಕಾದ್ವು. ಸೈಮನ್ಸ್ ಮಾಡಿದ್ದು 13 ಆಟದಾಗ. ಕಾಲು ನೆಟ್ಟಗಿದ್ದಿದ್ರ ಆ 22 ಎಷ್ಟಕ್ಕ ಇಳೀತಿತ್ತೋ ಏನೋ.

ಸನಿ ಕಂಬಿ ಹತ್ತಿರದ ಸ್ನೈಡರ್ ಅನ್ನೋ ಸಣ್ಣ ಊರಿನಾಂವ. ಅವಂಗ ಯಾರೂ ಕರದು ಸ್ಕಾಲರ್‌ಶಿಪ್ ಕೊಡಲಿಲ್ಲ, ತಾನ ಬಂದು ತಂಡಕ್ಕ ಸೇರಿಕೊಂಡು ತನ್ನ ಪಾಳಿಗೆ ಕಾಯ್ದಾಂವ. 2004ರ ಡಿಸೆಂಬರ್ ಕಡೀಗೆ ಹಾಲಿಡೇ ಬೌಲ್ ಅನ್ನೋ ಆಟದಾಗ ನಾಕನೇ ನಂಬರಿನ ಕ್ಯಾಲಿಫೋರ್ನಿಯಾ ತಂಡದ ಎದುರಿಗೆ 520 ಗಜ ಒಗದು 45–31 ಗೆಲ್ಲಿಸಿದ. ಆ ಕಡೆ ಒಗೀಲಿಕತ್ತಿದ್ದಾಂವ ಆರನ್ ರಾಜರ್ಸ್. ಮುಂದ ಅಂವಾ ದೇಶಕ್ಕ ದೊಡ್ಡ ಹೆಸರಾದ. ಕಂಬಿನ್ನ ವೃತ್ತಿಪರ ತಂಡದವರು ಯಾರೂ ಆರಿಸಿಕೊಳ್ಳಲಿಲ್ಲ.

ಹ್ಯಾರೆಲ್‌ಗ ಮೂರು ವರ್ಷ ಸಿಕ್ತು, ಒಲಿ ಹೊತ್ತಿ ಉರಿಯೋ ಅಡಗಿ ಮನಿ ಸಿಕ್ತು, ಕ್ರಾಬ್‌ಟ್ರೀ ಅಂಥಾ ಹಿಡಿಯಾಂವ ಸಿಕ್ಕ. ಕ್ರಾಬ್‌ಟ್ರೀ 2007ರ ಒಂದ ವರ್ಷದಾಗ 134 ಚಂಡು ಹಿಡದಾನ, 22 ಟಚ್‌ಡೌನ್. ಬಡಸಾಂವ ಎಷ್ಟ ಚಂದ ಬಡಸಿದ್ರೂ ಎಲಿ ಮುಂದ ಕೂತಾಂವ ಉಣಬೇಕಲ್ಲಾ. ಹ್ಯಾರೆಲ್‌ನ ಲೆಕ್ಕದಾಗ ಕ್ರಾಬ್‌ಟ್ರೀ ಪಾಲೂ ಅದ. ಮತ್ತ ಅದ 2008ರಾಗ, ಆ ದೊಡ್ಡ ಗೆಲುವಾಗಿ ಮೂರು ವಾರಕ್ಕ, ಒಕ್ಲಹೋಮಾ ತಂಡದ ಕಡೆ 65–21 ಹೊಡಿಸಿಕೊಂಡು ಬಂದ್ರು. ಅದ ಹುಡುಗ, ಅದ ಪದ್ಧತಿ. ಪದ್ಧತಿ ಇಷ್ಟ ಬಲವಂತಿದ್ದಿದ್ರ ಅವತ್ತ ಎಲ್ಲಿ ಹೋಗಿತ್ತು?

ಬಾಜೂ ಮನಿ ಅಜ್ಜಾ ಒಂದು ಸವಾಲು ಹಾಕಿದ, "ಇವರು ಅಷ್ಟ ಶ್ಯಾಣ್ಯಾರಿದ್ರ ಮುಂದ ವೃತ್ತಿಪರ ಆಟದಾಗ ಯಾಕ ಮಿಂಚಲಿಲ್ಲ?" ಮಾತು ಖರೇನ. ಕಿಂಗ್ಸ್‌ಬರಿನ್ನ ಆರನೇ ಸುತ್ತಿನಾಗ ಆರಿಸಿದ್ರು, ಸೈಮನ್ಸ್‌ನ ಏಳನೇ ಸುತ್ತಿನಾಗ. ಏಳ ಕಡೀ ಸುತ್ತು. ಉಳದ ಮೂವರನ್ನೂ ಆರಿಸಲೇ ಇಲ್ಲ. 15,793 ಗಜ, 134 ಟಚ್‌ಡೌನ್ ಒಗದು ಕಾಲೇಜು ಮುಗಿಸಿದ ಹ್ಯಾರೆಲ್‌ನ ಸುದ್ಧಾ ಆರಿಸಲಿಲ್ಲ. ಕಡೀಕ ಅಂವಾ ಗ್ರೀನ್ ಬೇ ತಂಡದಾಗ ಅದ ಆರನ್ ರಾಜರ್ಸ್ ಹಿಂದ ಬದಲಿ ಆಟಗಾರನಾಗಿ ಕೂತ. "ಸಿಸ್ಟಂ ಹುಡುಗ" ಅನ್ನೋ ಚೀಟಿ ಒಮ್ಮೆ ಹಣಿಗೆ ಹಚ್ಚಿಬಿಟ್ರ ಅದರ ಕೆಳಗ ಇದ್ದದ್ದನ್ನ ಯಾರು ನೋಡ್ತಾರ್ರೀ?

ಅದಕ್ಕ ನನ್ನ ಸೊಸಿ ಕೊಟ್ಟ ಉತ್ತರ, ಪ್ಯಾಟ್ರಿಕ್ ಮಹೋಮ್ಸ್. ಅಂವನೂ ಇದ ಲಬಕ್‌ನಾಗ, ಇದ ಟೆಕ್ಸಾಸ್ ಟೆಕ್‌ನಾಗ 2014ರಿಂದ 2016ರ ತನಕಾ ಆಡಿದಾಂವ. ಆವಾಗ ಅಲ್ಲಿಯ ಕೋಚ್ ಯಾರು ಅಂತೀರಿ, ನಮ್ಮ ಮೊದಲನೇ ಹುಡುಗ ಕಿಂಗ್ಸ್‌ಬರಿ! ಒಗಿಯೋ ಪದ್ಧತಿನೂ ಅದ ಮನಿತನದ್ದ. 2016ರ ಅಕ್ಟೋಬರ್‌ನಾಗ ಒಕ್ಲಹೋಮಾ ಎದುರಿಗೆ ಮಹೋಮ್ಸ್ 88 ಸರತೆ ಒಗದ, 734 ಗಜ ತಂದ, ಆದ್ರೂ 66–59 ಸೋತ್ರು. ಆ ವರ್ಷ ಅವನ ತಂಡ ಗೆದ್ದದ್ದು 5, ಸೋತದ್ದು 7. ಯಾಕಂದ್ರ ಎದುರಿನವರನ್ನ ತಡಿಯೋ ಮಂದಿನ ಅವರಲ್ಲೆ ಇರಲಿಲ್ಲ. ಇಂವಾ ಮುಂದ ಬಡಸಿದಷ್ಟೂ ಹಿಂದ ಪಾತೇಲಿ ಸೋರ್ತಿತ್ತು. ಅದಕ್ಕ ಗೆಲುವು-ಸೋಲು ನೋಡಿ ಕ್ವಾರ್ಟರ್‌ಬ್ಯಾಕ್‌ನ ಅಳೀಬಾರದು ಅಂತನೂ ನನಗ ಗೊತ್ತಾತು. ಇವನ ಬಗ್ಗೆನೂ ಅದ ಸಿಸ್ಟಂ ಅನುಮಾನ ಇತ್ತು. ಆದ್ರ ಕ್ಯಾನ್ಸಸ್ ಸಿಟಿಯವರು ಹತ್ತನೇ ನಂಬರಿಗೆ ಆರಿಸಿದ್ರು, ಒಂದು ವರ್ಷ ಕೂಡಿಸಿ ಕಲಿಸಿದ್ರು. ಎರಡನೇ ವರ್ಷ 2018ರಾಗ ಅಂವಾ 50 ಟಚ್‌ಡೌನ್ ಒಗದು ಇಡೀ ಲೀಗಿನ ಶ್ರೇಷ್ಠ ಆಟಗಾರ ಅನಿಸಿಕೊಂಡ. ಆಮ್ಯಾಲ ಸೂಪರ್ ಬೌಲೂ ಗೆದ್ದ.

ಈಗ ಮಂದಿ ಏನ ಅಂತಾರ ಕೇಳ್ರಿ. "ಮಹೋಮ್ಸ್ ಹುಟ್ಟಾ ಶ್ಯಾಣ್ಯಾ" ಅಂತಾರ. ಛಲೋ ಆದ್ರ ಹುಡುಗನ ಹುಟ್ಟುಗುಣ, ಸಾಧಾರಣ ಆದ್ರ ಪದ್ಧತಿ ತಪ್ಪು, ಪದ್ಧತಿಯೊಳಗ ಛಲೋ ಆಡಿದ್ರ ಪದ್ಧತಿ ಹೆಚ್ಚುಗಾರಿಕಿ. ಇದು ಯಾವ ನ್ಯಾಯ? ನಮ್ಮ ಮನಿಗಳಾಗ ಸೊಸಿ ಬಗ್ಗೆ ಆಡೋ ಮಾತಿನಂಗ ಅದ ಇದು. ಅಡಗಿ ಕೆಟ್ರ ಅಕಿ ತವರುಮನಿ ಕಲಿಸಲಿಲ್ಲ, ಅಡಗಿ ಛಲೋ ಆದ್ರ ಅತ್ತಿ ಕಲಿಸಿದ್ದು.

ಪದ್ಧತಿ ಏನೂ ಅಲ್ಲ ಅಂತ ನಾ ಅನ್ನೂದಿಲ್ಲ. ಅನ್ಲಿಕ್ಕೂ ಬಾರದು. ಲೀಚ್ ಇರದಿದ್ರ ಸ್ನೈಡರ್‌ನ ಆ ಹುಡುಗ 520 ಗಜ ಒಗಿಯೋ ದಿನ ಬರ್ತಿರಲಿಲ್ಲ. ನಮ್ಮ ಅತ್ತಿಯವರು ಇರದಿದ್ರ ನನಗ ಧನಿಯಾ ಎಷ್ಟ ಹುರೀಬೇಕು ಅಂತ ತಿಳೀತಿರಲಿಲ್ಲ. ಲೀಚ್ 2022ರ ಡಿಸೆಂಬರ್‌ನಾಗ ತೀರಿಕೊಂಡ, 61 ವರ್ಷ ಅಷ್ಟ. ಅವನ ಕೈಕೆಳಗ ಒಗದ ಕಿಂಗ್ಸ್‌ಬರಿ, ಕಂಬಿ, ಹ್ಯಾರೆಲ್ ಮೂವರೂ ಮುಂದ ತಾವ ಕೋಚ್ ಆದ್ರು. ಬರೇ ಹೇಳಿದ್ದು ಕೇಳಿ ಕೈ ಬೀಸೋ ಹುಡುಗೂರಿದ್ರ ಇನ್ನೊಬ್ಬರಿಗೆ ಕಲಸ್ಲಿಕ್ಕೆ ಬರ್ತಿತ್ತೇನು? ತಿಳದು ಮಾಡಿದಾವ್ರಿಗೆ ಅಷ್ಟ ಕಲಸ್ಲಿಕ್ಕೆ ಬರ್ತದ.

ಹಂಗಾರ ನನ್ನ ಅಭಿಪ್ರಾಯ ಇಷ್ಟ. ಒಂದ ಪದ್ಧತಿಯೊಳಗಿನವರನ್ನ ಹೋಲಸಬೇಕಂದ್ರ ಒಟ್ಟು ಗಜ ನೋಡಬ್ಯಾಡ್ರಿ, ಒಂದು ಒಗತಕ್ಕ ಎಷ್ಟ ಅಂತ ನೋಡ್ರಿ. ಎಷ್ಟ ಸರತೆ ಎದುರಿನವರಿಗೆ ಕೊಟ್ರು ನೋಡ್ರಿ. ಅವರಿಗೆ ಎಷ್ಟ ವರ್ಷ ಸಿಕ್ತು, ಹಿಡಿಯಾವ್ರು ಯಾರಿದ್ರು, ಮೈಯಾಗ ಏನ ನೋವಿತ್ತು ನೋಡ್ರಿ. ಇಷ್ಟೆಲ್ಲಾ ನೋಡಿ ನಾ ಹ್ಯಾರೆಲ್‌ನ ಮೊದಲ ಇಡ್ತೀನಿ, ಸೈಮನ್ಸ್‌ನ ಎರಡನೇದಕ್ಕ. ನನ್ನ ಸೊಸಿ ಒಪ್ಪೂದಿಲ್ಲ. "ದಾರಿ ಇಲ್ಲದ ಕಡೆ ಮೊದಲು ನಡೆದವನು ಕಿಂಗ್ಸ್‌ಬರಿ, ಅವನೇ ಮೊದಲು" ಅಂತಾಳ. ಅಕಿ ಮಾತಿನಾಗೂ ನ್ಯಾಯ ಅದ. ನಾವಿಬ್ಬರೂ ಇದಕ್ಕ ಇನ್ನೂ ಫೋನಿನಾಗ ಜಗಳಾಡ್ತೀವಿ. ಮೊದಲ ನಮ್ಮಿಬ್ಬರಿಗೂ ಕೂಸಿನ ಸುದ್ದಿ ಬಿಟ್ರ ಮಾತಿಗೆ ಏನೂ ಇರ್ತಿರಲಿಲ್ಲ.

ಹೊಂಡೋ ಮುಂದಿನ ವಾರ ಅಜ್ಜಾ-ಅಜ್ಜಿನ್ನ ಮತ್ತ ಊಟಕ್ಕ ಕರದ್ವಿ. ಸೊಸಿ ಸಾರು ಮಾಡಿದ್ಲು. ಈ ಸರತೆ ಪುಡಿ ಅಕಿದ, ಅಕಿ ತಾಯಿ ಫೋನಿನಾಗ ಹೇಳಿದ್ದನ್ನ ಕೇಳಿ, ಒಂದಿಷ್ಟು ನನ್ನನ್ನ ಕೇಳಿ, ತಾನ ಹುರದು ಮಿಕ್ಸರಿಗೆ ಹಾಕಿದ್ದು. ಹಾಸನದ್ದೂ ಅಲ್ಲ, ಧಾರವಾಡದ್ದೂ ಅಲ್ಲ. ಖರೇ ಹೇಳಬೇಕಂದ್ರ ನನಗ ಮೆಣಸು ಸ್ವಲ್ಪ ಹೆಚ್ಚನಿಸ್ತು. ಅಜ್ಜಿ ಮತ್ತ ಬಟ್ಟಲು ಮುಂದ ಮಾಡಿದ್ಲು. ನಾ ಈ ಸರತೆ ಮಗಾಗ ಅಂದೆ, "ಇದು ನನ್ನ ಸೊಸಿ ಸಾರು ಅಂತ ಹೇಳಪಾ." ಅಂವಾ ಹೇಳಿದ. ಸೊಸಿ ನನ್ನ ಬಟ್ಟಲಿಗೆ ಇನ್ನೊಂದು ಸೌಟು ಹಾಕಿದ್ಲು, ನಾ ಬ್ಯಾಡ ಅನ್ನಲಿಲ್ಲ.

ನಮ್ಮ ಅಕ್ಕಂದ್ರ, ವೈನಿಗೋಳ, ಮುಂದಿನ ಸರತೆ ಯಾರ ಮನಿಯಾಗರ ಉಂಡಾಗ ಮಾಡಿದಾಕಿ ಹೆಸರು ಹಿಡದು ಛಲೋ ಆಗೇದ ಅನ್ರಿ. ಪುಡಿ ಸುದ್ದಿ ಆಮ್ಯಾಲ ತಗೀರಿ. ಮತ್ತ ಈ ಐದು ಹುಡುಗೂರಾಗ ನೀವು ಯಾರನ್ನ ಮೊದಲ ಇಡ್ತೀರಿ ಅಂತ ನನಗ ತಿಳಸ್ರಿ, ಸೊಸಿ ಮುಂದ ಹೇಳ್ಲಿಕ್ಕೆ ಬೇಕು. ಬಾಣಂತನದ ಲೇಹದ ಸುದ್ದಿ ಮುಂದಿನ ವಾರ ಬರೀತೀನಿ.